ಎಂಟೋ ಹನ್ನೊಂದೋ

ಉಡುಪಿ ಕೋರ್ಟ್ ರೋಡಿನ ಶಾಖೆ, ಮೂರನೇ ಕೌಂಟರು.
ಫ್ಯಾನಿನ ಕೆಳಗೆ ನಾನು. ಎದುರಿಗೆ
ಪಾಸ್‌ಬುಕ್ಕನ್ನು ಹಾಲಿನ ತೊಟ್ಟೆಯಲ್ಲಿ ಸುತ್ತಿ ತಂದ
ವಾರಿಜಾ ಶೆಟ್ಟಿಗಾರ್.
ಈಶ್ವರನಗರದಲ್ಲಿ ಅವರದು ಮೂರು ಕೋಣೆ, ಹುಡುಗಿಯರಿಗೆ ಬಾಡಿಗೆಗೆ.
"ಮಣಿಪಾಲದ ಬ್ರಾಂಚಿನಲ್ಲಿ ಆಗುವುದಿಲ್ಲವಂತೆ.
ಎಂಟು ಸಾವಿರ. ಮಲೇಶಿಯಾಕ್ಕೆ."

ಮಗನಿಗಾ?
ಅಲ್ಲ.
ಮಗಳಿಗಾ?
"ಬಾಡಿಗೆಗಿದ್ದವಳು. ಹಲ್ಲಿನ ಡಾಕ್ಟರು. ದಿವ್ಯದರ್ಶಿನಿ.
ವಿಮಾನ ನಿಲ್ಲುತ್ತದೆಂದು ಆ ಮಾರ್ಚಿನಲ್ಲಿ
ರಾತ್ರೋರಾತ್ರಿ ಹೊರಟಳು, ಅಡ್ವಾನ್ಸು ಕೇಳಲಿಲ್ಲ,
ಒಲೆಯ ಮೇಲೆ ಅವಳ ಕುಕ್ಕರು ಇನ್ನೂ ಬಿಸಿ.
ಈಗ ಫೋನು ಮಾಡಿದರೆ, ನೀವೇ ಇಟ್ಟುಕೊಳ್ಳಿ ಆಂಟಿ, ಅನ್ನುತ್ತಾಳೆ.
ಇಟ್ಟುಕೊಳ್ಳಲಿಕ್ಕೆ ಅದು ನನ್ನದಾ?"

ಚೀಟಿ ತಳ್ಳಿದರು. ಹನ್ನೊಂದು ಅಕ್ಷರ,
ಪಕ್ಕದ ಮನೆ ಹುಡುಗನ ಕೈಬರಹ.
ಎರಡನೆಯದು ಸೊನ್ನೆಯೋ ಓ ಎಂಬ ಅಕ್ಷರವೋ?
ಓ ಇರಬೇಕು, ಅಂದೆ, ಬ್ಯಾಂಕಿನ ಹೆಸರಲ್ಲಿ ಸೊನ್ನೆ ಇರುವುದಿಲ್ಲ.
ಹೆಸರೂ ಹಾಗೇ: ಇವರ ಬಾಯಲ್ಲಿ ದಿವ್ಯದರ್ಶಿನಿ,
ಅವಳ ಖಾತೆಯಲ್ಲಿ ಥಿವ್ಯಥರ್ಷಿನಿ.
ಖಾತೆಯಲ್ಲಿದ್ದ ಹಾಗೇ ಬರೆಯಬೇಕು, ತಿದ್ದಬಾರದು.

"ಇಷ್ಟು ಅಕ್ಷರ ಯಾಕೆ ಇವರೇ?"
ಇಪ್ಪತ್ತೇಳು ವರ್ಷ ಈ ಕುರ್ಚಿಯಲ್ಲಿ, ಯಾರೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಪಕ್ಕ ಕೂತವರು ನಿಮ್ಮನ್ನು ಏನು ಕೇಳುತ್ತಾರೆ?
ಓಲು ಇಲ್ಲ್? ಏರೆನ ಕುಟುಂಬ? ವಾ ಬರಿ?
ಹಣಕ್ಕೂ ದಾರಿಯಲ್ಲಿ ಅದೇ ಪ್ರಶ್ನೆ.
ಮೊದಲ ನಾಲ್ಕು ಅಕ್ಷರ ಅದರ ಬರಿ, ಯಾವ ಬ್ಯಾಂಕು.
ಆಮೇಲೆ ಎರಡು, ದೇಶ. ಇನ್ನೆರಡು, ಪೇಟೆ.
ಕೊನೆಯ ಮೂರು ಮನೆ. ಅದು ಇಲ್ಲದಿದ್ದರೂ ನಡೆಯುತ್ತದೆ,
ಕುಟುಂಬದ ದೊಡ್ಡಮನೆಗೆ ಹೋಗಿ ನಿಲ್ಲುತ್ತದೆ,
ಅವರು ಕೂಗಿ ಕರೆದು ಕೊಡುತ್ತಾರೆ.

"ನಮ್ಮ ಬ್ಯಾಂಕಿನದ್ದು?"
ಹೇಳಿದೆ. ಪೇಟೆಯ ಜಾಗದಲ್ಲಿ ಮುಂಬಯಿ.
"ಉಡುಪಿ ಅಲ್ಲವಾ?"
ಅಲ್ಲ.
ನಕ್ಕರು. ಮಗ್ಗ ಮಾರಿ ಮುಂಬಯಿಗೆ ಹೋದ ಅಪ್ಪ
ಎಷ್ಟೋ ವರ್ಷ ಅಲ್ಲಿಂದಲೇ ಉಡುಪಿಯವನಾಗಿದ್ದನಂತೆ.

ಇನ್ನು ಖರ್ಚಿನ ಮಾತು. ನಡುವೆ ಒಂದು ಬ್ಯಾಂಕು ಇರುತ್ತದೆ,
ಕಡವಿನ ದೋಣಿಯವನ ಹಾಗೆ, ಅವನೂ ಹಿಡಿದುಕೊಳ್ಳುತ್ತಾನೆ.
ಪಡೆಯುವವರು ಕೊಡಬಹುದು, ಇಬ್ಬರೂ ಹಂಚಿಕೊಳ್ಳಬಹುದು,
ಇಲ್ಲವೇ ಎಲ್ಲ ನೀವೇ.
ಎಂಟು ಸಾವಿರಕ್ಕೆ ಸಾವಿರದ ನಾನೂರು ಹೆಚ್ಚಿಗೆ ಆದೀತು,
ಯೋಚಿಸಿ, ಅಂದೆ.
ಅವರು ಯೋಚಿಸಲಿಲ್ಲ.
"ಹರಿದ ನೋಟು ಕೊಟ್ಟರೆ ಕೊಟ್ಟ ಹಾಗಾಗುತ್ತದಾ?"

ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು.
ಪಟ್ಟಿಯಲ್ಲಿ ಪ್ರವಾಸ ಇದೆ, ಔಷಧ ಇದೆ, ಓದು, ಉಡುಗೊರೆ,
ಅಡ್ವಾನ್ಸು ವಾಪಸು ಎಂಬ ಸಾಲು ಸಿಗಲಿಲ್ಲ.
ಉಡುಗೊರೆ ಅಂತ ಹಾಕಲಾ?
"ಸುಳ್ಳು ಯಾಕೆ?" ಅಂದರು.
ಮ್ಯಾನೇಜರರ ಕೋಣೆಗೆ ಎರಡು ಸಲ ಹೋಗಿ ಬಂದೆ.
ಒಂದು ಸಂಖ್ಯೆ ಸಿಕ್ಕಿತು, ಸುಮಾರಾಗಿ ಸರಿಯಾದದ್ದು.

ಎದ್ದು ಹೊರಟವರು ತಿರುಗಿದರು.
"ಅಪ್ಪನ ಮನಿಯಾರ್ಡರಿನ ಬುಡದಲ್ಲಿ
ಎರಡು ಮಾತು ಬರೆಯುವಷ್ಟು ಕಾಗದ ಇರುತ್ತಿತ್ತು.
ಇದರಲ್ಲಿ?"
ಇದೆ. ನಾಲ್ಕು ಸಾಲು.
ಕನ್ನಡ ಹೋಗುವುದಿಲ್ಲ, ಇಂಗ್ಲಿಷ್ ಅಕ್ಷರ ಮಾತ್ರ.
"ಹಾಗಾದರೆ ಬರೆಯಿರಿ:
ನಿನ್ನ ಕುಕ್ಕರು ತೊಳೆದಿಟ್ಟಿದ್ದೇನೆ."

ಬರೆದೆ.

ಸಂಜೆ ನಾಲ್ಕೂವರೆಗೆ ಮುಂಬಯಿಯಿಂದ ಫೋನು,
ತಪಾಸಣೆಯ ವಿಭಾಗ, ಎಳೆಯ ದನಿ:
ಈ ಸಂದೇಶದಲ್ಲಿ ಕುಕ್ಕರು ಎಂದಿದೆ, ಏನದು?
ಯಾವ ವ್ಯವಹಾರ? ಯಾರಿಗೆ ಸೇರಿದ್ದು?
ಅನ್ನ ಬೇಯಿಸುವುದು, ಅಂದೆ. ಎರಡು ಲೀಟರಿನದ್ದಿರಬೇಕು.
ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು.
ಆಮೇಲೆ, ಹೋಗಲಿ ಬಿಡಿ, ಅಂದರು.

ಹೋಯಿತು.